ರಸೀದಿ ಹರಿದ ಮಾತ್ರಕ್ಕೆ ಊರ ಗಣಪ ಆಗಲ್ಲ

ಅಕ್ಕಂದಿರೇ, ಅತ್ತಿಗೆಮ್ಮಂದಿರೇ, ಬೀದಿಯ ಹೆಣ್ಮಕ್ಕಳೇ,

ಈ ಸಲ ಉಪ್ಪಿನಕಾಯಿ ವಿಷಯ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲಕ್ಕಿರ್ಲಿ, ಮಾವಿನಕಾಯಿ ಇನ್ನೂ ಸಂತೇಲಿ ಇದೆ. ಅದಕ್ಕಿಂತ ಬಿರ್ನೆ ಹೇಳ್ಬೇಕಾದ ಮಾತೊಂದಿದೆ. ಊರ ಗಣಪನ ಮಾತು, ಅವನಿಗೆ ಅಂತ ನಮ್ಮ ಹತ್ರ ಕೇಳೋ ದುಡ್ಡಿನ ಮಾತು.

ಹಬ್ಬಕ್ಕೆ ಇನ್ನೂ ಮೂರು ತಿಂಗಳ ಮೇಲಿದೆ. ಆಗ್ಲೇ ನಮ್ಮ ಕಡೆ ಸಮಿತಿ ಹುಡುಗ್ರು ರಸೀದಿ ಪುಸ್ತಕ ಹಿಡ್ಕೊಂಡು ಮನೆಮನೆ ಸುತ್ತಿ ಹೋದ್ರು. ಈ ವರ್ಷ ಹಬ್ಬದ ಜೊತೆ ಮೂರು ದಿನ ಕಲೋತ್ಸವ ಮಾಡ್ತಾರಂತೆ. ಕೋಲಾಟ, ಭಜನೆ, ಮಕ್ಕಳ ಡ್ಯಾನ್ಸು, ಕೊನೇ ರಾತ್ರಿ ಪೌರಾಣಿಕ ನಾಟಕ. ಬಾಳ ಸಂತೋಷ. ಅದರ ನಡುವೆ ನಿಲ್ಸೋಕೆ 15 ಅಡಿ ಫೈಬರ್ ಗಣಪ ಲಾರಿಯಲ್ಲಿ ಹೊರಗಿಂದ ಬರ್ತಾನಂತೆ. ಪೂಜೆಗೆ, ಕೆರೆಗೆ ಬಿಡೋಕೆ ಒಂದು ಪುಟ್ಟ ಮಣ್ಣಿನ ಗಣಪ ಪಕ್ಕದಲ್ಲಿ ಕೂತಿರ್ತಾನೆ. ಮುಂಗಡ ಈಗ್ಲೇ ಕಟ್ಬೇಕು, ಮನೆಗೆ 2,000 ರೂಪಾಯಿ. ಎರಡು ಸಾವಿರವೇ ಯಾಕಪ್ಪ ಅಂತ ಕೇಳಿದ್ದಕ್ಕೆ ಒಬ್ಬ ನಗ್ತಾ ಅಂದ, "ಗೃಹಲಕ್ಷ್ಮಿ ಒಂದು ತಿಂಗಳದ್ದು ಕೊಟ್ಬಿಡಿ ಆಂಟಿ, ಸಮುದಾಯದ ಮೂರ್ತಿ ಅಲ್ವಾ?"

ನಾನು ಕೊಡಲಿಲ್ಲ. ಜಿಪುಣಿ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಅಂದ್ಕೊಳ್ಳಿ. ಆದ್ರೆ ಯಾಕೆ ಕೊಡಲಿಲ್ಲ ಅನ್ನೋದನ್ನ ಒಸಿ ಕೇಳಿ, ಆಮೇಲೆ ನಿಮ್ಮ ಇಷ್ಟ. ಹಬ್ಬಕ್ಕೆ ಕಾಸು ಬಿಚ್ಬ್ಯಾಡಿ ಅಂತ ನಾನು ಹೇಳ್ತಿಲ್ಲ. ದೊಡ್ಡ ಗಣಪ ಬ್ಯಾಡ ಅಂತಾನೂ ಹೇಳ್ತಿಲ್ಲ. ದೊಡ್ಡವನೇ ಬರ್ಲಿ, ಆಳಿಗೆ ಎರಡಾಳು ಎತ್ತರ ನಿಲ್ಲಲಿ. ಆದ್ರೆ ಸಮುದಾಯದ ಮೂರ್ತಿ ಅಂತ ಕರೆಯೋದಾದ್ರೆ ಸಮುದಾಯವೇ ಅದನ್ನ ಮಾಡ್ಬೇಕು. ಅಂಗಡಿಯಿಂದ ಒಬ್ಬಟ್ಟು ತಂದು ತಟ್ಟೆಗೆ ಹಾಕಿ "ನಾನೇ ತಟ್ಟಿದ್ದು ಕಣ್ರೀ" ಅಂದ್ರೆ ಬೀಗರು ಒಪ್ತಾರೇನ್ರೀ? ಮೊದಲ್ನೇ ತುತ್ತಿಗೇ ಗೊತ್ತಾಗೋಗ್ತದೆ.

ನಮ್ಮೋರಿಗೆ ಈ ಭೇದ ಗೊತ್ತಿಲ್ಲ ಅಂತಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಲ್ಲಿ ಹರಡಿರೋ ನಮ್ಮ ನೆಂಟಸ್ತಿಕೆಯಲ್ಲಿ ಕುರುಕ್ಷೇತ್ರ ನಾಟಕ ನೋಡದೇ ಇರೋ ಮನೆ ಯಾವ್ದಿದೆ ಹೇಳಿ? ಅದನ್ನ ಹೆಂಗೆ ಆಡ್ತಾರೆ ನೆನೆಸ್ಕೊಳ್ಳಿ. ಹಾರ್ಮೋನಿಯಂ ಮೇಷ್ಟ್ರನ್ನ ಕರೆಸ್ತಾರೆ. ಹೊಲದ ಕೆಲಸ ಮುಗಿಸ್ಕೊಂಡು ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸು ಮಾಡ್ತಾರೆ. ದುರ್ಯೋಧನನ ಪಾರ್ಟಿಗೆ ಇಷ್ಟು, ಕೃಷ್ಣನ ಪಾರ್ಟಿಗೆ ಇಷ್ಟು ಅಂತ ಪಾರ್ಟು ಮಾಡೋರೇ ಕೈಯಿಂದ ದುಡ್ಡು ಹಾಕ್ತಾರೆ. ಸೀನು ಬಾಡಿಗೆ, ಡ್ರೆಸ್ಸು ಬಾಡಿಗೆ, ಮೈಕು ಬಾಡಿಗೆ. ಆದ್ರೆ ದುರ್ಯೋಧನನ್ನ ಬಾಡಿಗೆಗೆ ತರಲ್ಲ. ರಾಗ ಎಳೆಯುವಾಗ ಗಂಟಲು ಕಟ್ಟಿದ್ರೂ ಅವನು ನಮ್ಮ ಬೀದಿಯೋನು. ಬೆಳಗಿನ ಜಾವ ಅವನು ತೊಡೆ ಮುರಿದು ಬಿದ್ದಾಗ ಅವರಮ್ಮ ಚಾಪೆ ಮೇಲೆ ಕೂತು ಕಣ್ಣೊರೆಸ್ಕೊಳ್ತಾಳೆ. ಅದಕ್ಕೇ ಅದು ಊರ ನಾಟಕ. ಅಲ್ಲೂ ಒಂದು ಕೊರತೆ ಇದೆ ನೋಡಿ. ದ್ರೌಪದಿ, ಕುಂತಿ ಪಾರ್ಟಿಗೆ ಮಾತ್ರ ಹೊರಗಿನ ಕಲಾವಿದೆಯರನ್ನ ದುಡ್ಡು ಕೊಟ್ಟು ಕರೆಸ್ತಾರೆ. ಊರ ಹೆಣ್ಮಕ್ಕಳ ಪಾಲಿಗೆ ಚಾಪೆಯೇ ಗತಿ. ಗಣಪನ ವಿಷಯದಲ್ಲಾದ್ರೂ ನಾವು ಚಾಪೆ ಬಿಟ್ಟು ಏಳ್ಬೇಕು ಅನ್ನೋದಕ್ಕೇ ಇಷ್ಟುದ್ದ ಬರೀತಿರೋದು.

15 ಅಡಿ ಮೂರ್ತಿ ಊರೋರ ಕೈಯಲ್ಲಿ ಆಗೋ ಮಾತಾ ಅಂತ ಕೇಳ್ತಾರೆ. ದೂರ ಯಾಕೆ, ನಮ್ಮ ಜಿಲ್ಲೆಯೊಳಗೇ ನೋಡ್ಕೊಂಡು ಬರ್ಲಿ. ತುಮಕೂರಿಂದ ಕುಣಿಗಲ್ ರಸ್ತೇಲಿ ಒಸಿ ದೂರ ಹೋದ್ರೆ ಗೂಳೂರು. ಅಲ್ಲಿನ ಮಹಾಗಣಪತಿ ಹೆಸರು ನಿಮಗೆಲ್ಲ ಗೊತ್ತು, ಕಾರ್ತೀಕದಲ್ಲಿ ಹೋಗಿ ಕೈ ಮುಗಿದು ಬಂದೋರೂ ನಮ್ಮಲ್ಲಿ ಬಾಳ ಜನ ಇದ್ದಾರೆ. ಆದ್ರೆ ಅದು ಹೆಂಗೆ ಆಗ್ತದೆ ಅನ್ನೋದನ್ನ ಗಮನ ಇಟ್ಟು ನೋಡಿದೋರು ಕಮ್ಮಿ. ನಾವೆಲ್ಲ ಚೌತಿ ದಿನ ಗಣಪನ್ನ ತಂದು ಕೂರಿಸ್ತೀವಿ. ಗೂಳೂರಿನೋರು ಚೌತಿ ದಿನ ಮಾಡೋಕೆ ಶುರು ಮಾಡ್ತಾರೆ. ಅವತ್ತು ಊರ ಕೆರೆಯಿಂದ ಮಣ್ಣು ತರ್ತಾರೆ. ಅಲ್ಲಿಂದ ದೀಪಾವಳಿವರೆಗೆ ಮೂರ್ತಿ ದಿನಾ ಒಂದಿಷ್ಟು ಬೆಳೀತಾ ಹೋಗ್ತದೆ. ಬಲಿಪಾಡ್ಯಮಿ ದಿನ ಕಣ್ಣು ಬರೆದು ಪೂಜೆ ಶುರು. ಕಾರ್ತೀಕ ಮಾಸ ಪೂರ್ತಿ ಪೂಜೆ, ಆಮೇಲೆ ಮದ್ದು ಗುಂಡು, ಜಾತ್ರೆ, ಮೆರವಣಿಗೆ, ಕೊನೇಗೆ ಅದೇ ಕೆರೆಗೆ ವಿಸರ್ಜನೆ. ಕೆರೆಯಿಂದ ಎದ್ದೋನು ಕೆರೆಗೇ ಹೋಗ್ತಾನೆ. ಊರಿನ 18 ಕೋಮಿನೋರು ಸೇರಿ ನಡೆಸೋ ಹಬ್ಬ ಅಂತ ಅಲ್ಲಿಯೋರು ಹೇಳ್ಕೊಳ್ತಾರೆ. ಫೈಬರ್ ಇಲ್ಲ, ಪ್ಲಾಸ್ಟರ್ ಇಲ್ಲ. ಆದ್ರೂ ಸುತ್ತಮುತ್ತಲ ಜನ ಬಸ್ಸು ಹತ್ತಿ ಬರೋದು ಆ ಮಣ್ಣಿನ ಮೂರ್ತಿ ನೋಡೋಕೇ.

ಗೂಳೂರಿನ ಮಗ್ಗುಲಲ್ಲೇ ಕೈದಾಳ. ಅಮರಶಿಲ್ಪಿ ಜಕಣಾಚಾರಿ ಹುಟ್ಟಿದೂರು ಅನ್ನೋ ಪ್ರತೀತಿ ಇರೋ ಊರು, ಹೊಯ್ಸಳರ ಕಾಲದ ಚೆನ್ನಕೇಶವ ಇರೋ ಊರು. ಮಗ ಡಂಕಣ ವಿಗ್ರಹದ ದೋಷ ತೋರಿಸಿದಾಗ ಜಕಣಾಚಾರಿ ಕೈ ಕತ್ತರಿಸ್ಕೊಂಡ, ಆಮೇಲೆ ಹುಟ್ಟೂರಲ್ಲಿ ಗುಡಿ ಕಟ್ಟಿ ಕೈ ಪಡೆದ ಅನ್ನೋ ಕತೆಯನ್ನ ನಾವು ಮಕ್ಕಳಿಗೆ ಹೇಳ್ತಾನೇ ಬಂದಿದೀವಿ. ಒಂದೂರಲ್ಲಿ ಒಬ್ಬ ಶಿಲ್ಪಿಯ ಹೆಸರು ಸಾವಿರ ವರ್ಷ ಹತ್ರ ಬಂದ್ರೂ ಅಳಿದಿಲ್ಲ. ಪಕ್ಕದೂರಲ್ಲಿ ವರ್ಷ ವರ್ಷ ಮೂರ್ತಿ ಕರಗಿ ಹೋಗ್ತದೆ, ಆದ್ರೆ ಮಾಡೋ ವಿದ್ಯೆ ಕರಗಿಲ್ಲ. ಇವೆರಡೂ ಇರೋ ಜಿಲ್ಲೆಯೋರು ನಾವು. ಗಣಪನ್ನ ಕ್ಯಾಟಲಾಗ್ ನೋಡಿ ಆರಿಸ್ತೀವಿ ಅಂದ್ರೆ ನಾಚಿಕೆ ಆಗಲ್ವಾ?

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮನೆಗೆ 2,000, ನೂರು ಮನೆ ಅಂತ ಇಟ್ಕೊಂಡ್ರೂ ಎರಡು ಲಕ್ಷ. ಆ ದುಡ್ಡಲ್ಲಿ ಊರೊಳಗೆ ಎಷ್ಟು ಉಳೀತದೆ? ಮೂರ್ತಿ ದುಡ್ಡು ಹೊರಗೆ, ಲಾರಿ ಬಾಡಿಗೆ ಹೊರಗೆ, ಎತ್ತಿ ನಿಲ್ಸೋ ಕ್ರೇನು ಹೊರಗಿಂದು, ಫ್ಲೆಕ್ಸು ಹೊರಗಿಂದು. ಊರಿನ ಕುಂಬಾರ್ರ ಮನೆಗೆ ಒಂದು ರೂಪಾಯಿ ಹೋಗಲ್ಲ. ದೀಪಾವಳಿಗೆ ಅವರ ಹತ್ರ ಹಣತೆ ಕೊಳ್ಳುವಾಗ ಒಂದು ರೂಪಾಯಿಗೆ ಚೌಕಾಸಿ ಮಾಡೋರು ನಾವು, ಲಾರಿಯೋನಿಗೆ ಕೇಳಿದಷ್ಟು ಕೊಡ್ತೀವಿ.

ಇನ್ನೊಂದು ಕೇಳಿ. ದುಡ್ಡು ಯಾರ ಡಬ್ಬಿಯಿಂದ ಬರ್ತದೆ, ರಸೀದಿ ಯಾರ ಹೆಸರಲ್ಲಿ ಹರೀತಾರೆ? ನಿಮ್ಮ ಮನೇಲಿ ಹೋದ ವರ್ಷದ ರಸೀದಿ ಇದ್ರೆ ತೆಗೆದು ನೋಡಿ. ಸಾಸಿವೆ ಡಬ್ಬಿಯಿಂದ ತೆಗೆದು ಕೊಟ್ಟೋಳು ನೀವು, ರಸೀದಿಯಲ್ಲಿ ಯಜಮಾನ್ರ ಹೆಸರು. ಮೈಕಲ್ಲಿ ಕೂಗೋದೂ ಅವರ ಹೆಸರೇ, ಫ್ಲೆಕ್ಸಲ್ಲಿ ಕೈ ಮುಗಿದು ನಿಂತಿರೋದೂ ಅವರೇ. ಗೃಹಲಕ್ಷ್ಮಿ ದುಡ್ಡು 2023ರ ಆಗಸ್ಟಿಂದ ಬರ್ತಿದೆಯಲ್ಲ, ಅದು ಮನೆ ಯಜಮಾನಿ ಹೆಸರಿಗೇ ಬರೋ ದುಡ್ಡು. ಸಂಘದ ಕಂತು, ಮಗುವಿನ ಫೀಸು, ಬಿ.ಪಿ. ಮಾತ್ರೆ, ಗ್ಯಾಸು, ಎಲ್ಲ ಅದರಲ್ಲೇ ತೂಗಿಸ್ತಾ ಇದೀವಿ. ನಮ್ಮ ಹೆಸರಿಗೆ ಬಂದಿದ್ದನ್ನ ಇನ್ನೊಬ್ಬರ ಹೆಸರಿಗೆ ಬರೆಸಿ ಸಮುದಾಯ ಅನ್ನೋದು ಯಾವ ಲೆಕ್ಕ? ದುಡ್ಡು ಕೇಳುವಾಗ ಮಾತ್ರ ನಾವು ಸಮುದಾಯ. ಮೂರ್ತಿ ಎಷ್ಟೆತ್ತರ, ಎಲ್ಲಿಂದ, ಯಾತರದು ಅಂತ ತೀರ್ಮಾನ ಮಾಡೋ ಮೀಟಿಂಗಿಗೆ ನಮ್ಮಲ್ಲಿ ಒಬ್ಬರನ್ನಾದ್ರೂ ಕರೆದಿದ್ರಾ? ನಮ್ಮ ಪಾಲಿಗೆ ಉಳಿದಿರೋದು ಚಿತ್ರಾನ್ನ ಕಲಸೋದು, ಆರತಿ ತಟ್ಟೆ ಹಿಡಿಯೋದು, ಮಾರನೇ ದಿನ ಎಲೆ ಬಳಿಯೋದು.

ದೊಡ್ಡ ದೊಡ್ಡ ಪ್ರತಿಮೆ ಕಟ್ಟುವಾಗ ಜನರ ಪಾಲು ಅಂತ ತೋರ್ಸೋಕೆ ಏನೇನೋ ಕೇಳೋದು ಈಗ ರೂಢಿಯಾಗಿದೆ. ಗುಜರಾತಿನ ಸರ್ದಾರ್ ಪಟೇಲರ 182 ಮೀಟರ್ ಪ್ರತಿಮೆ 2018ರ ಅಕ್ಟೋಬರ್ 31ಕ್ಕೆ ಅನಾವರಣ ಆಯ್ತು. ಅದಕ್ಕೂ ಮೊದಲು ದೇಶದ ಹಳ್ಳಿಹಳ್ಳಿಯ ರೈತರ ಹತ್ರ ಹಳೇ ಕುಡುಗೋಲು, ಗುಳದ ಕಬ್ಬಿಣ ಕೇಳಿ ಕೂಡಿಸಿದ್ರು. ಆಮೇಲೆ ಆ ಕಬ್ಬಿಣ ಮೂರ್ತಿಗೆ ಹೊಂದಲ್ಲ ಅಂತ ಬೇರೆ ಕಟ್ಟಡದ ಕೆಲಸಕ್ಕೆ ಹಾಕಿದ್ರು. ನಮ್ಮ ಬೆಂಗಳೂರು ವಿಮಾನ ನಿಲ್ದಾಣದ ಹತ್ರ ಕೆಂಪೇಗೌಡರ 108 ಅಡಿ ಕಂಚಿನ ಪ್ರತಿಮೆ 2022ರ ನವೆಂಬರ್ 11ಕ್ಕೆ ಅನಾವರಣ ಆದಾಗ ಊರೂರಿಗೆ ರಥ ಕಳ್ಸಿ ಹಿಡಿಹಿಡಿ ಮಣ್ಣು ತರಿಸ್ಕೊಂಡ್ರು. ಪಟೇಲರೂ ಕೆಂಪೇಗೌಡರೂ ದೊಡ್ಡೋರು, ಅವರಿಗೆ ಕೈ ಮುಗಿಯೋಣ. ಆದ್ರೆ ಹಿಡಿ ಮಣ್ಣು ಕೊಟ್ಟ ಊರಿಗೂ ಆ ಕಂಚು ಎರಕ ಹೊಯ್ದ ಕೆಲಸಕ್ಕೂ ಏನು ಸಂಬಂಧ ಉಳೀತು? ಗುರುತಿಗೆ ಅಂತ ಇಸ್ಕೊಂಡು ಹೋಗೋದು ಬೇರೆ, ಕೈ ಹಾಕಿಸಿ ಮಾಡಿಸೋದು ಬೇರೆ. ಸರ್ಕಾರದ ಮಟ್ಟದಲ್ಲಿ ಅದು ಆಗದ ಮಾತಿರಬಹುದು, ನೂರಾರು ಅಡಿ ಕಂಚನ್ನ ನಾವು ಕಲಸೋಕಾಗಲ್ಲ. ನಮ್ಮ ಬೀದಿ ಗಣಪನಿಗೂ ಅದೇ ಚಾಳಿ ಯಾಕೆ?

ಚಂದಾ ಕೇಳುವಾಗ ದೊಡ್ಡೋರು ಗುಳ್ಳಕಾಯಜ್ಜಿ ಕತೆ ಬೇರೆ ಹೇಳ್ತಾರೆ. ಶ್ರವಣಬೆಳಗೊಳದ ಗೊಮ್ಮಟನ್ನ 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ, 58 ಅಡಿ ಏಕಶಿಲೆ. ಕೊಡಗಟ್ಟಲೆ ಹಾಲು ಹುಯ್ಸಿದ್ರೂ ಅಭಿಷೇಕ ಮೂರ್ತಿಯ ಪಾದ ಮುಟ್ಟಲಿಲ್ಲವಂತೆ. ಕೊನೇಗೆ ಒಬ್ಬ ಬಡ ಮುದುಕಿ ಗುಳ್ಳಕಾಯಲ್ಲಿ ತಂದಿದ್ದ ಒಂದು ಗುಟುಕು ಹಾಲು ಹುಯ್ದಾಗ ತಲೆಯಿಂದ ಪಾದದವರೆಗೂ ಇಳೀತಂತೆ. "ಹಂಗೇ ಕಣಮ್ಮ, ನೀವೂ ಒಸಿ ಕೊಟ್ರೆ ಪೂರ್ಣ ಆಗ್ತದೆ" ಅಂತ ಮುಗಿಸ್ತಾರೆ. ಕತೆಯನ್ನ ಸರಿಯಾಗಿ ಕೇಳಿಸ್ಕೊಂಡೋರು ಹಿಂಗೆ ಹೇಳಲ್ಲ. ಅಜ್ಜಿ ಹಾಲನ್ನ ಕೌಂಟರಲ್ಲಿ ಕೊಟ್ಟು ರಸೀದಿ ಇಸ್ಕೊಂಡು ಹೋಗಲಿಲ್ಲ. ಅಷ್ಟೆತ್ತರ ಹತ್ತಿ ತಾನೇ ಹುಯ್ದಳು. ಅವಳನ್ನ ಮೊದಲು ಅಲ್ಲಿದ್ದೋರು ನಗಾಡಿದ್ರು, ಆಮೇಲೆ ದಾರಿ ಬಿಟ್ರು. ಇವತ್ತೂ ಗೊಮ್ಮಟನ ಎದುರಿಗೆ ಗುಳ್ಳಕಾಯಿ ಹಿಡ್ಕೊಂಡಿರೋ ಅಜ್ಜಿಯ ಮೂರ್ತಿ ಇದೆ. ಅಜ್ಜಿ ಕತೆ ಹೇಳಿ ದುಡ್ಡು ಕೇಳೋರು ಅಜ್ಜಿಗೆ ಸಿಕ್ಕ ಜಾಗವನ್ನೂ ನಮಗೆ ಕೊಡ್ಲಿ.

ಇದಕ್ಕೆ ಸಮಿತಿಯೋರು, ಮನೆಯೋರು, ನಮ್ಮಲ್ಲೇ ಕೆಲವರು ಹೇಳೋ ಮಾತುಗಳನ್ನ ನಾನು ಕೇಳಿಲ್ಲ ಅಂತಲ್ಲ. ಒಂದೊಂದಾಗಿ ಉತ್ತರ ಹೇಳ್ತೀನಿ.

"ಮಣ್ಣಿಂದು ಬಿರುಕು ಬಿಡ್ತದೆ, ನಾಜೂಕು ಬರಲ್ಲ." ಬಿರುಕು ಬಿಡೋದು ಮಣ್ಣಿನ ದೋಷ ಅಲ್ಲ, ಅವಸರದ ದೋಷ. ಒಲೆ ಹಾಕಿದ ಕೈಗೆ ಇದು ಗೊತ್ತು. ಬರೀ ಜೇಡಿಮಣ್ಣು ಮೆತ್ತಿದ್ರೆ ಒಲೆ ಸೀಳ್ತದೆ, ಹೊಟ್ಟು ಬೆರೆಸಿ ಹದ ಮಾಡಿದ್ರೆ ವರ್ಷಾನುಗಟ್ಟಲೆ ಬಾಳ್ತದೆ. ದೊಡ್ಡ ಮೂರ್ತಿಗೂ ಅದೇ ಸೂತ್ರ. ಒಳಗೆ ಸರ್ವೆ ಗಳ, ಬಿದಿರು ದೆಬ್ಬೆ ಕಟ್ಟಿದ ಚೌಕಟ್ಟು. ಅದರ ಮೇಲೆ ಹುಲ್ಲಿನ ಹಗ್ಗ ಬಿಗಿಯಾಗಿ ಸುತ್ತಿ ಮೈ ತುಂಬಿಸೋದು. ಅದರ ಮೇಲೆ ಕತ್ತರಿಸಿದ ಹುಲ್ಲು, ತೆಂಗಿನ ನಾರು ಬೆರೆಸಿ ತುಳಿದ ಒರಟು ಮಣ್ಣು. ಅದು ನೆರಳಲ್ಲಿ ಆರ್ಬೇಕು, ಹಪ್ಪಳದ ಥರ ಬಿಸಿಲಿಗೆ ಹಾಕ್ಬಾರ್ದು. ಎದ್ದ ಬಿರುಕಿಗೆಲ್ಲ ಮತ್ತೆ ಮಣ್ಣು ತುಂಬಿ, ಆಮೇಲೆ ಸೋಸಿದ ನುಣುಪು ಮಣ್ಣಿನ ಲೇಪ, ಬೇಕಾದ ಕಡೆ ತೆಳ್ಳನೆ ಬಟ್ಟೆ ಅಂಟಿಸೋದು. ಕೊನೇಗೆ ಬಣ್ಣ. ಕಲ್ಕತ್ತೆಯ ಕುಮಾರಟುಲಿ ಅನ್ನೋ ಕಡೆ ದುರ್ಗೆಯನ್ನ ಮಾಡೋದು ಹುಲ್ಲು, ಬಿದಿರು, ನದಿ ಮಣ್ಣಿಂದಲೇ. ಆ ಊರಿನ ದುರ್ಗಾಪೂಜೆಯನ್ನ 2021ರಲ್ಲಿ ಯುನೆಸ್ಕೋದೋರು ಲೋಕದ ಪರಂಪರೆ ಪಟ್ಟಿಗೆ ಸೇರಿಸಿದ್ರು. ನಾಜೂಕು ಬರಲ್ಲ ಅನ್ನೋರು ಆ ದುರ್ಗೆಯ ಬೆರಳುಗಳನ್ನ ಒಂದ್ಸಲ ಫೋನಲ್ಲಿ ತೆಗೆದು ನೋಡ್ಲಿ.

"ನಮಗೆಲ್ಲಿ ಬರ್ತದೆ, ಅದು ಕಸುಬಿನೋರ ಕೆಲಸ." ಒಪ್ಪಿದೆ. ಕಸುಬು ಬಲ್ಲೋರು ಬೇಕೇಬೇಕು. ಅಳತೆ ಹಿಡಿಯೋದು, ಮುಖ ತಿದ್ದೋದು, ಕೈ ಬೆರಳು ಎಳೆಯೋದು ನಮ್ಮಿಂದಾಗಲ್ಲ. ಒಬ್ಬ ಒಳ್ಳೇ ಶಿಲ್ಪಿಯನ್ನ ಕರೆಸಿ, ಅವರಿಗೆ ಕೂಲಿ ಅಲ್ಲ, ಸಂಭಾವನೆಯನ್ನೇ ಪೂರ್ತಿ ಕೊಡೋಣ. ದೇವರ ಕೆಲಸ ಅಂತ ಪುಗಸಟ್ಟೆ ಮಾಡಿಸ್ಕೊಳ್ಳೋದು ಬ್ಯಾಡ. ನಾಟಕಕ್ಕೆ ಹಾರ್ಮೋನಿಯಂ ಮೇಷ್ಟ್ರು ಇದ್ದಂಗೆ ಮೂರ್ತಿಗೆ ಒಬ್ಬ ಮೇಷ್ಟ್ರು. ಮೇಷ್ಟ್ರು ಕಲಿಸ್ತಾರೆ, ಪಾರ್ಟು ಮಾಡೋರು ನಾವು. ಮಣ್ಣು ಹೊರೋದು, ಹೆಂಟೆ ಒಡೆಯೋದು, ಜರಡಿ ಹಿಡಿಯೋದು, ನೆನೆ ಹಾಕೋದು, ತುಳಿಯೋದು, ಹುಲ್ಲು ಹೊಸೆಯೋದು, ಮೆತ್ತೋದು, ಇಷ್ಟು ಕೆಲಸಕ್ಕೆ ಬೇಕಾದ ಕೈ ನಮ್ಮ ಬೀದೀಲಿ ಇದೆ. ಗೌರಿ ಹಬ್ಬಕ್ಕೆ ಅರಿಶಿನದಲ್ಲಿ ಮೂಗು ಕಣ್ಣು ತಿದ್ದಿದ ಕೈ, ಸಗಣಿಯಲ್ಲಿ ಬೆನವನ್ನ ಮಾಡಿ ಗರಿಕೆ ಸಿಕ್ಕಿಸಿದ ಕೈ, ಮಾರಮ್ಮನ ಜಾತ್ರೆಗೆ ತಂಬಿಟ್ಟನ್ನ ಗೋಪುರದಂಗೆ ಎತ್ತಿ ದೀಪ ಹಚ್ಚಿದ ಕೈ. ಮಳೆ ಬರದ ವರ್ಷ ಹುಡುಗ್ರು ಮಣ್ಣಲ್ಲಿ ಮಳೆರಾಯನ್ನ ಮಾಡಿ ತಲೆ ಮೇಲೆ ಹೊತ್ಕೊಂಡು ಬಂದಾಗ ಕೊಡ ನೀರು ಹುಯ್ದು ಮೊರದಲ್ಲಿ ರಾಗಿ ಹಿಟ್ಟು ಕೊಟ್ಟೋರು ನಾವೇ. ಮೂರ್ತಿ ಮಾಡೋದು ನಮಗೆ ಹೊಸದಲ್ಲ, ದೊಡ್ಡದು ಮಾಡೋದಷ್ಟೇ ಹೊಸದು.

"ಮನೆ ಕೆಲಸವೇ ಮುಗಿಯಲ್ಲ, ಇದೊಂದು ಬೇರೆ ಯಾಕೆ?" ಇದು ನಮ್ಮೋರೇ ಹೇಳೋ ಮಾತು, ನಿಜವಾದ ಮಾತು. ಮಣ್ಣು ತುಳಿದು ಬಂದು ಮತ್ತೆ ಮುದ್ದೆ ತಿರುವೋದಾದ್ರೆ ನನಗೂ ಬ್ಯಾಡ. ಅದಕ್ಕೇ ನನ್ನ ಷರತ್ತು: ಮೂರ್ತಿ ಕೆಲಸ ನಡೆಯೋ ದಿನಗಳಲ್ಲಿ ಕೆಲಸಕ್ಕೆ ಬಂದೋರ ಅಡುಗೆ ಪಾಳಿ ಗಂಡಸರದ್ದು. ಅನ್ನ ಸಾರು ಸಾಕು, ಹೋಳಿಗೆ ಯಾರೂ ಕೇಳಲ್ಲ. ಅಯ್ಯಪ್ಪನ ಮಾಲೆ ಹಾಕಿದಾಗ ಒಳ್ಳೊಳ್ಳೇ ಅಡುಗೆ ಮಾಡ್ಕೊಂಡು ಉಣ್ಣೋ ಗಂಡಸ್ರು ನಮ್ಮ ಬೀದೀಲಿ ಎಷ್ಟು ಜನ ಇದ್ದಾರೆ ಅಂತ ನಮಗೆ ಗೊತ್ತಿಲ್ವಾ? ವಾರಕ್ಕೆ ಎರಡು ಹೊತ್ತು ಒಬ್ಬೊಬ್ಬರು ಬಂದ್ರೂ ಸಾಕು. ಧಾರಾವಾಹಿ ಒಂದು ಕಂತು ತಪ್ಪಿದ್ರೆ ಕತೆ ಎಲ್ಲೂ ಹೋಗಲ್ಲ.

"ಫೈಬರ್ ಆದ್ರೆ ಐದಾರು ವರ್ಷ ಬಳಸ್ಬೋದು, ಉಳಿತಾಯ." ಪ್ಲಾಸ್ಟರ್ ಗಣಪನ್ನ ನೀರಿಗೆ ಬಿಡಬಾರದು ಅಂತ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ನಿಷೇಧ ಮಾಡಿದ ಮೇಲೆ ಈ ಫೈಬರ್ ಉಪಾಯ ಹೊರಟಿದೆ. ಕೆರೆಗೆ ಬಿಡಲ್ಲ ನಿಜ. ಉಳಿದ ಹನ್ನೊಂದು ತಿಂಗಳು ಎಲ್ಲಿಡ್ತೀರಿ? ಟಾರ್ಪಾಲು ಹೊದಿಸಿ ಯಾವುದೋ ಗೋಡೆ ಹಿಂದೆ ನಿಲ್ಸಿದ ಗಣಪನ ಮೇಲೆ ಕೋಳಿ ಕೂರ್ತದೆ. ಅದನ್ನ ನೋಡೋಕೆ ನನಗಂತೂ ಮನಸ್ಸಿಲ್ಲ. ಅದೂ ಹೋಗ್ಲಿ ಅಂದ್ರೆ, ಐದು ವರ್ಷ ಅದೇ ಮೂರ್ತಿ ನಿಂತ್ರೆ ಐದು ವರ್ಷ ಒಂದು ಮಗುವೂ ಮಣ್ಣು ಮುಟ್ಟಲ್ಲ. ಸ್ಪೇನ್ ದೇಶದಲ್ಲಿ ವಲೆನ್ಸಿಯಾ ಅಂತ ಊರಿದೆ. ಅಲ್ಲಿ ಒಂದೊಂದು ಬೀದಿಗೂ ನಮ್ಮ ಸಮಿತಿ ಥರ ಸಂಘ. ವರ್ಷವೆಲ್ಲ ಬೀದಿಯೋರು ಕಾಸು ಕೂಡಿಸ್ತಾರೆ, ಕಸುಬಿನ ಕಲಾವಿದರಿಗೆ ದುಡ್ಡು ಕೊಟ್ಟು ಮಾಳಿಗೆ ಎತ್ತರದ ಬೊಂಬೆಗಳನ್ನ ಮಾಡಿಸಿ ಬೀದಿಬೀದೀಲಿ ನಿಲ್ಲಿಸ್ತಾರೆ, ಮಾರ್ಚ್ 19ರ ರಾತ್ರಿ ಬೆಂಕಿ ಹಚ್ಚಿ ಸುಡ್ತಾರೆ. ಜನರ ಓಟಲ್ಲಿ ಗೆದ್ದ ಒಂದೆರಡು ಬೊಂಬೆ ಮಾತ್ರ ಉಳಿಸ್ಕೊಳ್ತಾರೆ. 2016ರಲ್ಲಿ ಅದನ್ನೂ ಯುನೆಸ್ಕೋದೋರು ಪಟ್ಟಿಗೆ ಸೇರಿಸಿದ್ರು. ಅವರೇನು ಹುಚ್ಚರಾ? ಇವತ್ತು ಸುಟ್ಟರೇನೇ ನಾಳೆಯಿಂದ ಮುಂದಿನ ವರ್ಷದ್ದು ಮಾಡೋಕೆ ಕೂರೋದು. ಗೂಳೂರಿನೋರೂ ಕೆರೆಗೆ ಬಿಟ್ಟೇ ಮುಂದಿನ ಚೌತಿಗೆ ಕಾಯೋದು. ಪ್ರತಿ ವರ್ಷ ಹೊಸದಾಗಿ ಮಾಡಿದ್ರೇನೇ ವಿದ್ಯೆ ಮಗನಿಗೆ, ಮಗಳಿಗೆ ಹೋಗೋದು. ಹೋಳಿಗೆ ಐದು ವರ್ಷಕ್ಕೊಂದ್ಸಲ ತಟ್ಟಿದ್ರೆ ಸೊಸೆಗೆ ಕಣಕದ ಹದ ಹೆಂಗೆ ಗೊತ್ತಾಗ್ತದೆ?

ಕೊನೇ ಮಾತೊಂದಿದೆ, ಅದನ್ನ ಯಾರೂ ಜೋರಾಗಿ ಹೇಳಲ್ಲ, ಪಿಸುಗುಟ್ತಾರೆ. "ಯಾರ್ಯಾರೋ ಮಣ್ಣು ಮುಟ್ಟಿದ್ರೆ ಹೆಂಗೆ?" ಆ ಬೀದಿಯೋರು, ಈ ಕೇರಿಯೋರು, ಹೆಂಗಸ್ರು, ಅದರಲ್ಲೂ ತಿಂಗಳ ಆ ಮೂರು ದಿನ. ನಾನೂ ಮಡಿ ಇರೋ ಮನೇಲಿ ಬಾಳಿದೋಳೇ, ಇದನ್ನ ಹಗುರವಾಗಿ ಆಡ್ತಿಲ್ಲ. ಕೆರೆ ಮಣ್ಣನ್ನ ಯಾರು ಮುಟ್ಟಿಲ್ಲ ಹೇಳಿ? ಎಲ್ಲ ಜಾತಿಯ ಕಾಲು, ಎಲ್ಲರ ದನ ಎಮ್ಮೆ, ಎಲ್ಲರ ಹೊಲದಿಂದ ಹರಿದು ಬಂದ ನೀರು ಕೂಡಿದ ಮಣ್ಣೇ ಅದು. ಕಣ್ಣು ಬರೆದು ಪ್ರಾಣ ಪ್ರತಿಷ್ಠೆ ಆಗೋವರೆಗೆ ಅದು ಜೇಡಿಮಣ್ಣು, ಆದ ಮೇಲೆ ದೇವರು. ಪ್ರತಿಷ್ಠೆ ಆದ ಮೇಲಿನ ಮಡಿ ಅವರವರ ನಂಬಿಕೆ, ಅದಕ್ಕೆ ನಾನು ಅಡ್ಡ ಬರಲ್ಲ. ಮಣ್ಣಿಗೆ ಮಡಿ ಇಲ್ಲ. ಕಲ್ಕತ್ತೆಯ ದುರ್ಗೆಗೆ ಹಾಕೋ ಮಣ್ಣಲ್ಲಿ ಒಂದು ಹಿಡಿ ವೇಶ್ಯೆಯರ ಬಾಗಿಲಿಂದ ಕೇಳಿ ತಂದಿದ್ದು ಇರ್ಬೇಕು ಅನ್ನೋದು ಹಿಂದಿನಿಂದ ಬಂದ ಸಂಪ್ರದಾಯ. ಊರು ದೂರ ಇಟ್ಟೋರ ಬಾಗಿಲಿಗೆ ಹೋಗಿ ಕೈ ಒಡ್ಡಬೇಕು ಅಂತ ಹಿರಿಯರೇ ಮಾಡಿಟ್ಟಿದ್ದಾರೆ. ನಾವು ಪಕ್ಕದ ಕೇರಿಯೋರನ್ನ ಮಣ್ಣು ತುಳಿಯೋಕೆ ಕರೆಯಲ್ಲ ಅಂದ್ರೆ ಸಮುದಾಯ ಅನ್ನೋ ಪದವನ್ನ ರಸೀದಿ ಪುಸ್ತಕದಿಂದ ಅಳಿಸಿಬಿಡೋಣ. ಅವರ ಮನೆಯಿಂದಲೂ ಚಂದಾ ಇಸ್ಕೊಳ್ತಾರಲ್ಲ, ನೋಟಿಗೆ ಇಲ್ಲದ ಮೈಲಿಗೆ ಕೈಗೆ ಎಲ್ಲಿಂದ ಬಂತು?

ಇಷ್ಟೆಲ್ಲ ಹೇಳಿ ಸುಮ್ಕೆ ಬಿಟ್ರೆ ಬರೀ ಬೈಗುಳ ಆಗ್ತದೆ. ಏನು ಮಾಡ್ಬೇಕು ಅನ್ನೋದನ್ನೂ ಹೇಳ್ತೀನಿ.

ಮೊದಲ್ನೇದು, ಮುಂಗಡ ಕಟ್ಟೋದನ್ನ ತಡೀಬೇಕು. ದುಡ್ಡು ಇನ್ನೂ ಕೊಡದೇ ಇರೋರು ಕೊಡಬ್ಯಾಡಿ. ಕೊಟ್ಟಿರೋರು ವಾಪಸ್ ಕೇಳಬ್ಯಾಡಿ, ಅದನ್ನ ಮಣ್ಣಿನ ಮೂರ್ತಿಗೇ ಇಡಿ ಅಂತ ಹೇಳಿ.

ಎರಡ್ನೇದು, ಕೆರೆ ಈಗ ಒಣಗಿದೆ. ಮುಂಗಾರು ಹಿಡಿದ ಮೇಲೆ ಅಂಗಳದಿಂದ ಒಳ್ಳೇ ಮಣ್ಣು ತೆಗೆಯೋಕಾಗಲ್ಲ. ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು, ಅವರು ತೋರಿಸಿದ ಜಾಗದಲ್ಲಿ ಎರಡು ಟ್ರ್ಯಾಕ್ಟರ್ ಮಣ್ಣು ಈ ತಿಂಗಳೇ ತಂದು ಹಾಕ್ಬೇಕು. ಯಾವ ಮಣ್ಣು ಅಂತ ಕುಂಬಾರ್ರ ಮನೆ ಹಿರಿಯರನ್ನ ಕೇಳಿ, ಅವರಿಗೆ ಆ ದಿನದ ಕೂಲಿ ಕೊಟ್ಟೇ ಕರ್ಕೊಂಡು ಹೋಗ್ಬೇಕು.

ಮೂರ್ನೇದು, ಎತ್ತರವನ್ನ ನಮ್ಮ ಶಕ್ತಿ ನೋಡಿ ಇಟ್ಕೊಳ್ಳೋಣ. ಮೊದಲ್ನೇ ವರ್ಷ ಒಂದಾಳೆತ್ತರ ಸಾಕು. ಕ್ರೇನಿಲ್ದೆ ನಾವೇ ಎತ್ತಿ ಗಾಡಿಗಿಟ್ಟು ಕೆರೆಗೆ ಬಿಡೋಷ್ಟು. ಪಕ್ಕದೂರಿಗಿಂತ ಒಂದಡಿ ಎತ್ತರ ಅನ್ನೋ ಪೈಪೋಟಿ ಗಂಡಸ್ರಿಗೇ ಇರ್ಲಿ.

ನಾಕ್ನೇದು, ಲೆಕ್ಕ. ಯಾರು ಕೊಟ್ರೋ ಅವರ ಹೆಸರಲ್ಲೇ ರಸೀದಿ. ದುಡ್ಡು ಕೊಟ್ಟೋರ ಹೆಸರಿನ ಪಕ್ಕದಲ್ಲೇ ದುಡಿದೋರ ಹೆಸರು, ಎಷ್ಟು ಹೊತ್ತು ಅನ್ನೋದೂ ಬರೀಬೇಕು. ದುಡ್ಡಿಲ್ಲದ ಮನೆ ನಾಲ್ಕು ದಿನ ಬಂದು ಹುಲ್ಲು ಹೊಸೆದ್ರೆ ಅದೂ ಚಂದಾನೇ. ಖರ್ಚಿನ ಪಟ್ಟಿ ದೇವಸ್ಥಾನದ ಗೋಡೆ ಮೇಲೆ ಎಲ್ಲರಿಗೂ ಕಾಣೋಹಂಗೆ ಅಂಟಿಸ್ಬೇಕು. ನಮ್ಮ ಸಂಘದಲ್ಲಿ ವಾರ ವಾರ ಐವತ್ತು ರೂಪಾಯಿಗೂ ಪುಸ್ತಕ ಬರೆದಿಡೋರು ನಾವು, ಲೆಕ್ಕ ನಮಗೆ ಕಷ್ಟ ಅಲ್ಲ.

ಐದ್ನೇದು, ಸಮಿತಿಯಲ್ಲಿ ಅರ್ಧ ಜನ ಹೆಣ್ಮಕ್ಕಳು. ಆರತಿ ತಟ್ಟೆ ಹಿಡಿಯೋ ಸಮಿತಿ ಅಲ್ಲ, ದುಡ್ಡು, ಮೂರ್ತಿ, ಕಾರ್ಯಕ್ರಮ ತೀರ್ಮಾನ ಮಾಡೋ ಸಮಿತಿ.

ಬರೋ ಭಾನುವಾರ ಸಂಜೆ ಸಂಘದ ಮೀಟಿಂಗಿದೆ. ಎಲ್ಲರೂ ಬನ್ನಿ, ಹುಡುಗ್ರನ್ನೂ ಕರೆಸೋಣ. ಅವರು ಕೆಟ್ಟ ಹುಡುಗ್ರಲ್ಲ, ನಮ್ಮ ಮನೆ ಮಕ್ಕಳೇ. ಊರಿಗೆ ಏನಾದ್ರೂ ದೊಡ್ಡದು ಮಾಡ್ಬೇಕು ಅನ್ನೋ ಹುಮ್ಮಸ್ಸು ಇದೆ, ಹೆಂಗೆ ಮಾಡ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ. ಮಣ್ಣು ತುಳಿಯೋಕೆ ಗಟ್ಟಿ ಕಾಲು ಬೇಕು, ಅವರಿಗೆ ಇದೆ. ಹಳೇ ಸೀರೆ, ಗೋಣಿಚೀಲ, ಜರಡಿ, ಬಾಂಡ್ಲಿ ಯಾರ ಮನೇಲಿ ಎಷ್ಟಿದೆ ಅಂತ ನೋಡ್ಕೊಂಡು ಬನ್ನಿ, ಅವತ್ತೇ ಪಟ್ಟಿ ಬರೆಯೋಣ. ನನ್ನ ಹೆಸರಿನ ಮುಂದೆ ಎರಡು ಸಾವಿರ ರೂಪಾಯಿ, ವಾರಕ್ಕೆ ಎರಡು ಹೊತ್ತು, ಮತ್ತೆ ಎರಡು ಜರಡಿ ಅಂತ ಬರ್ಕೊಳ್ಳಿ.